ಗಂಗಾವತಿಯ ಗಿರಣಿ, ಕೊಪ್ಪಳದ ಕಚೇರಿ: ಪೋಸ್ಟ್‌ಗ್ರೆಸ್ ರೆಪ್ಲಿಕೇಶನ್ ಹೊಂದಿಸುವ ಬಗೆ

ಗಂಗಾವತಿಯ ಅಕ್ಕಿ ಗಿರಣಿಯೊಂದನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಸುಗ್ಗಿಯಲ್ಲಿ ಕಾಟಾದ ಮುಂದೆ ನೆಲ್ಲಿನ ಲಾರಿಗಳು ಸಾಲಾಗಿ ನಿಂತಿರುತ್ತವೆ. ತುಂಬಿದ ತೂಕ, ಖಾಲಿ ತೂಕ, ಚೀಲದ ಲೆಕ್ಕ, ರೈತರ ಪಟ್ಟಿ ಎಲ್ಲವೂ ಕಾಟಾ ರೂಮಿನ ಒಂದೇ ಸರ್ವರಿನಲ್ಲಿ ಕೂರುತ್ತವೆ. ಮಾಲೀಕರ ಕಚೇರಿ ಕೊಪ್ಪಳದಲ್ಲಿದೆ. ಅಲ್ಲಿ ಇನ್ನೊಂದು ಸರ್ವರ್ ಇಟ್ಟು, ಗಿರಣಿಯಲ್ಲಿ ಬರೆದದ್ದೆಲ್ಲ ಕೆಲವೇ ಸೆಕೆಂಡಿನಲ್ಲಿ ಅಲ್ಲಿಗೂ ಮುಟ್ಟುವಂತೆ ಮಾಡಬೇಕು. ಇದಕ್ಕೇ ರೆಪ್ಲಿಕೇಶನ್ ಎನ್ನುತ್ತಾರೆ, ಪ್ರತಿ ಇಟ್ಟುಕೊಳ್ಳುವ ಕೊಪ್ಪಳದ ಸರ್ವರೇ ಸ್ಟ್ಯಾಂಡ್‌ಬೈ. ಉಬುಂಟು 24.04 ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ಜೊತೆಗೇ ಬರುವ ಪೋಸ್ಟ್‌ಗ್ರೆಸ್ 16 ಡೇಟಾಬೇಸ್ ಬಳಸಿ ಅದನ್ನು ಮಾಡುವ ಬಗೆ ಇಲ್ಲಿದೆ. ರಾಯಚೂರಿನ ಅಡತ್ ಅಂಗಡಿಗಾಗಲಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕಾಗಲಿ ಹೆಜ್ಜೆಗಳು ಇವೇ.

ಮೊದಲೇ ಹೇಳಬೇಕಾದ ಮಾತೊಂದಿದೆ. ರೆಪ್ಲಿಕೇಶನ್ ಪಾಠಗಳು ಸಾಮಾನ್ಯವಾಗಿ ಮುಖ್ಯ ಸರ್ವರ್ ಸುಟ್ಟುಹೋಗುವುದನ್ನೇ ಎಣಿಸಿ ಬರೆದಿರುತ್ತವೆ. ನಮ್ಮ ಕಡೆ ಅದು ಅಪರೂಪ. ಪದೇ ಪದೇ ಕೆಡುವುದು ನಡುವಿನ ದಾರಿ: ರಸ್ತೆ ಅಗೆದಾಗ ಫೈಬರ್ ಹರಿಯುತ್ತದೆ, ಕರೆಂಟ್ ಹೋಗುತ್ತದೆ, ಸ್ಟ್ಯಾಂಡ್‌ಬೈ ಕಡೆಯ ಯುಪಿಎಸ್ ಕೈಕೊಡುತ್ತದೆ. ಆದ್ದರಿಂದ ಪ್ರತಿ ಸೆಟ್ಟಿಂಗನ್ನೂ ಒಂದೇ ಪ್ರಶ್ನೆಯಿಂದ ಅಳೆಯಿರಿ: ಕೊಪ್ಪಳದ ಸರ್ವರ್ ಎರಡು ದಿನ ಕಾಣೆಯಾದರೆ ಗಂಗಾವತಿಯ ಕಾಟಾ ನಿಲ್ಲುತ್ತದೆಯೇ? ನಿಲ್ಲುತ್ತದೆ ಎನ್ನುವಂತಿದ್ದರೆ ಆ ಸೆಟ್ಟಿಂಗ್ ತಪ್ಪು.

ಕಿರ್ದಿ ಮತ್ತು ಖತಾವಣಿ

ಅಡತ್ ಅಂಗಡಿಯ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದಲ್ಲ. ವ್ಯವಹಾರ ನಡೆದ ಕೂಡಲೇ ಕಿರ್ದಿಯಲ್ಲಿ ಬೀಳುತ್ತದೆ. ಖತಾವಣಿಗೆ ಏರುವುದು ಆಮೇಲೆ. ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ಪ್ರತಿ ಬದಲಾವಣೆ ಮೊದಲು ವಾಲ್ ಎಂಬ ಲಾಗ್‌ಗೆ ಹೋಗುತ್ತದೆ, ಟೇಬಲ್ಲಿನ ಫೈಲುಗಳಿಗೆ ನಿಧಾನವಾಗಿ ಇಳಿಯುತ್ತದೆ. ವಾಲ್ ಫೈಲು ಒಂದೊಂದೂ 16 ಎಂಬಿ. ಸ್ಟ್ರೀಮಿಂಗ್ ರೆಪ್ಲಿಕೇಶನ್ ಎಂದರೆ ಈ ಕಿರ್ದಿಯ ಸಾಲುಗಳನ್ನು ಬರೆದ ಹಾಗೇ ಕೊಪ್ಪಳಕ್ಕೆ ಕಳಿಸುವುದು, ಅಲ್ಲಿ ಅವನ್ನು ಅದೇ ಕ್ರಮದಲ್ಲಿ ಖತಾವಣಿಗೆ ಏರಿಸುವುದು. ಇದು 2010ರ 9.0 ಆವೃತ್ತಿಯಿಂದ ಇದೆ. ಹಳೆಯ ಪಾಠಗಳಲ್ಲಿ ಕಾಣುವ ರಿಕವರಿ.ಕಾನ್ಫ್ ಫೈಲು 12ನೇ ಆವೃತ್ತಿಯಲ್ಲಿ ಹೋಗಿದೆ. ಈಗ ಆ ಫೈಲು ಇಟ್ಟರೆ ಸರ್ವರ್ ಏಳುವುದೇ ಇಲ್ಲ.

ಕಿರ್ದಿ ಬೈಟ್ ಬೈಟಿಗೆ ಹೊಂದಬೇಕಾದ್ದರಿಂದ ಎರಡೂ ಕಡೆ ಪೋಸ್ಟ್‌ಗ್ರೆಸ್ಸಿನ ಮುಖ್ಯ ಆವೃತ್ತಿ ಒಂದೇ ಇರಬೇಕು. ಆಪರೇಟಿಂಗ್ ಸಿಸ್ಟಮ್ಮಿನ ಆವೃತ್ತಿಯೂ ಒಂದೇ ಇರಲಿ. ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ಅಕ್ಷರಗಳ ಅನುಕ್ರಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿಯಿಂದ ಪಡೆಯುತ್ತದೆ. ಎರಡು ಕಡೆ ಅದರ ಆವೃತ್ತಿ ಬೇರೆಯಾದರೆ ಅನುಕ್ರಮವೂ ಬೇರೆಯಾಗಬಹುದು. ಆಗ ರೈತರ ಹೆಸರಿನ ಮೇಲಿನ ಇಂಡೆಕ್ಸ್ ಗಂಗಾವತಿಯಲ್ಲಿ ಸರಿಯಾಗಿದ್ದು, ಕೊಪ್ಪಳದಲ್ಲಿ ಅದೇ ಇಂಡೆಕ್ಸ್ ಇರುವ ಹೆಸರನ್ನೇ "ಇಲ್ಲ" ಎನ್ನುತ್ತದೆ. ಎರರ್ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ.

ನಡುವಿನ ದಾರಿ

ಪೋಸ್ಟ್‌ಗ್ರೆಸ್ಸಿನ 5432 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆಯಬೇಡಿ. ವೈರ್‌ಗಾರ್ಡ್ ಎಂಬ ವಿಪಿಎನ್‌ನಿಂದ ಎರಡೂ ಸರ್ವರುಗಳ ನಡುವೆ ಖಾಸಗಿ ಸುರಂಗ ಹಾಕಿ: ಗಿರಣಿಗೆ 10.20.0.1, ಕಚೇರಿಗೆ 10.20.0.2. ಎರಡರಲ್ಲಿ ಒಂದು ಕಡೆಗಾದರೂ ಹೊರಗಿನಿಂದ ಮುಟ್ಟಬಹುದಾದ ಸ್ಥಿರ ಐಪಿ ಬೇಕು. ಕಚೇರಿಯಲ್ಲಿ ಅದಿದ್ದರೆ ಸುರಂಗವನ್ನು ಗಿರಣಿಯ ಕಡೆಯಿಂದ ಎಬ್ಬಿಸಬೇಕು, ಮತ್ತು ಗಿರಣಿಯ ವೈರ್‌ಗಾರ್ಡ್ ಫೈಲಿನಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಎಂದು ಹಾಕಬೇಕು. ಇಲ್ಲದಿದ್ದರೆ ರಾತ್ರಿ ಕೆಲಸವಿಲ್ಲದ ಹೊತ್ತಿನಲ್ಲಿ ರೌಟರ್ ಈ ಸಂಪರ್ಕವನ್ನು ಮರೆತುಬಿಡುತ್ತದೆ. ಬೆಳಿಗ್ಗೆ ಕೊಪ್ಪಳ ಎಷ್ಟು ಕರೆದರೂ ಗಂಗಾವತಿ ಓಗೊಡುವುದಿಲ್ಲ.

ಲೈನಿನ ವೇಗ ಎಷ್ಟು ಬೇಕೆಂದು ಊಹಿಸಬೇಡಿ, ಅಳೆಯಿರಿ. ಸುಗ್ಗಿಯ ಒಂದು ದಿನ, ಜೋರು ಕೆಲಸದ ಹೊತ್ತಿನಲ್ಲಿ, ಪಿಜಿ_ಕರೆಂಟ್_ವಾಲ್_ಎಲ್‌ಎಸ್‌ಎನ್ ಫಂಕ್ಷನ್ ಕೊಡುವ ಸ್ಥಾನವನ್ನು ಒಂದು ಗಂಟೆಯ ಅಂತರದಲ್ಲಿ ಎರಡು ಸಲ ಬರೆದುಕೊಳ್ಳಿ. ಪಿಜಿ_ವಾಲ್_ಎಲ್‌ಎಸ್‌ಎನ್_ಡಿಫ್‌ಗೆ ಅವೆರಡನ್ನೂ ಕೊಟ್ಟರೆ ನಡುವೆ ಎಷ್ಟು ಬೈಟ್ ವಾಲ್ ಹುಟ್ಟಿತು ಎಂದು ಹೇಳುತ್ತದೆ. ಗಂಟೆಗೆ 400 ಎಂಬಿ ಎಂದು ಬಂದರೆ ಸೆಕೆಂಡಿಗೆ ಸುಮಾರು 0.9 ಮೆಗಾಬಿಟ್. ಸಾಧಾರಣ ಫೈಬರಿಗೆ ಅದು ಭಾರವೇ ಅಲ್ಲ. ಮೊದಲ ಸಲದ ಪೂರ್ತಿ ಪ್ರತಿ ಮಾತ್ರ ಭಾರ: 60 ಜಿಬಿ ಡೇಟಾಬೇಸನ್ನು 20 ಮೆಗಾಬಿಟ್ ಅಪ್‌ಲೋಡಿನಲ್ಲಿ ಕಳಿಸಲು ಸುಮಾರು ಆರೂಮುಕ್ಕಾಲು ಗಂಟೆ ಹಿಡಿಯುತ್ತದೆ.

ಗಂಗಾವತಿಯಲ್ಲಿ: ಮುಖ್ಯ ಸರ್ವರ್

ಸೆಟ್ಟಿಂಗಿನ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಫೈಲಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವಿನ ಅಡಿಗೆರೆ ಬಿಡದೆ ಟೈಪ್ ಮಾಡಿ. ಜಿಬಿ, ಎಂ ಎಂಬ ಅಳತೆಗಳು ಮಾತ್ರ ದೊಡ್ಡ ಅಕ್ಷರದಲ್ಲಿರಲಿ. ಉಬುಂಟುವಿನಲ್ಲಿ ಈ ಫೈಲುಗಳು ಇಟಿಸಿ ಡೈರೆಕ್ಟರಿಯೊಳಗಿನ ಪೋಸ್ಟ್‌ಗ್ರೆಸ್ಕ್ಯೂಎಲ್, 16, ಮೇನ್ ಎಂಬ ದಾರಿಯಲ್ಲಿರುತ್ತವೆ. ಪೋಸ್ಟ್‌ಗ್ರೆಸ್ಕ್ಯೂಎಲ್.ಕಾನ್ಫ್ ತೆರೆದು ಇವನ್ನು ಹಾಕಿ:

ಲಿಸನ್_ಅಡ್ರೆಸಸ್ = '*'
ವಾಲ್_ಲೆವೆಲ್ = ರೆಪ್ಲಿಕಾ
ಮ್ಯಾಕ್ಸ್_ವಾಲ್_ಸೆಂಡರ್ಸ್ = 10
ಮ್ಯಾಕ್ಸ್_ರೆಪ್ಲಿಕೇಶನ್_ಸ್ಲಾಟ್ಸ್ = 10
ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ = 20ಜಿಬಿ
ವಾಲ್_ಲಾಗ್_ಹಿಂಟ್ಸ್ = ಆನ್
ವಾಲ್_ಕಂಪ್ರೆಶನ್ = ಆನ್
ಚೆಕ್‌ಪಾಯಿಂಟ್_ಟೈಮ್‌ಔಟ್ = 15ಮಿನ್
ಸಿಂಕ್ರೋನಸ್_ಸ್ಟ್ಯಾಂಡ್‌ಬೈ_ನೇಮ್ಸ್ = ''

ಎರಡನೆಯದರಿಂದ ನಾಲ್ಕನೆಯದರವರೆಗಿನವು ಹೇಗೂ ಡಿಫಾಲ್ಟ್. ಯಾರಾದರೂ ಹಿಂದೆ ಬದಲಿಸಿದ್ದರೆ ಎಂದು ಬರೆದಿರುವುದು. ಉಳಿದವುಗಳ ಕಾರಣ ತಿಳಿದೇ ಹಾಕಿ.

ಲಿಸನ್_ಅಡ್ರೆಸಸ್‌ನಲ್ಲಿ ನಕ್ಷತ್ರದ ಬದಲು 'ಲೋಕಲ್‌ಹೋಸ್ಟ್, 10.20.0.1' ಎಂದೇ ಬರೆಯುವುದು ಹೆಚ್ಚು ಬಿಗಿ ಎನಿಸುತ್ತದೆ. ಆದರೆ ಕರೆಂಟ್ ಬಂದು ಮಷಿನ್ ಏಳುವಾಗ ವೈರ್‌ಗಾರ್ಡಿಗಿಂತ ಮೊದಲು ಪೋಸ್ಟ್‌ಗ್ರೆಸ್ ಎದ್ದರೆ ಆ ವಿಳಾಸ ಇನ್ನೂ ಹುಟ್ಟಿರುವುದಿಲ್ಲ. ಲಾಗಿನಲ್ಲಿ ಒಂದು ಎಚ್ಚರಿಕೆ ಬರೆದು, ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕಿವಿಗೊಟ್ಟು ಕೂರುತ್ತದೆ. ಕೊಪ್ಪಳಕ್ಕೆ ಆಮೇಲೆ ಬರುವುದು "ಕನೆಕ್ಷನ್ ರೆಫ್ಯೂಸ್ಡ್" ಮಾತ್ರ. ಆದ್ದರಿಂದ ನಕ್ಷತ್ರ ಹಾಕಿ, 5432ಕ್ಕೆ ಸುರಂಗ ಮತ್ತು ಗಿರಣಿಯ ಒಳ ನೆಟ್‌ವರ್ಕಿನಿಂದ ಮಾತ್ರ ಪ್ರವೇಶ ಎಂದು ಯುಎಫ್‌ಡಬ್ಲ್ಯು ಫೈರ್‌ವಾಲಿನಲ್ಲಿ ತಡೆ ಹಾಕಿ.

ವಾಲ್_ಲಾಗ್_ಹಿಂಟ್ಸ್ ಈಗ ಆನ್ ಮಾಡದಿದ್ದರೆ, ಡೇಟಾ ಚೆಕ್‌ಸಮ್ ಕೂಡ ಇಲ್ಲದಿದ್ದರೆ, ಮುಂದೆ ಹಳೆಯ ಸರ್ವರನ್ನು ಪಿಜಿ_ರಿವೈಂಡ್‌ನಿಂದ ಮರಳಿ ಜೋಡಿಸಲು ಆಗದು. ಅವಘಡ ಆದಮೇಲೆ ಆನ್ ಮಾಡಿ ಪ್ರಯೋಜನವಿಲ್ಲ. ಚೆಕ್‌ಪಾಯಿಂಟ್ ಎಂದರೆ ಅಲ್ಲಿಯವರೆಗಿನ ಬದಲಾವಣೆಗಳನ್ನೆಲ್ಲ ಟೇಬಲ್ಲಿನ ಫೈಲುಗಳಿಗೆ ಇಳಿಸಿ ಮುಗಿಸುವುದು. ಅದರ ಅಂತರವನ್ನು 5ರಿಂದ 15 ನಿಮಿಷಕ್ಕೆ ಏರಿಸುವುದು ವಾಲ್ ಇಳಿಸಲು: ಪ್ರತಿ ಚೆಕ್‌ಪಾಯಿಂಟ್ ಆದಮೇಲೆ ಮೊದಲ ಸಲ ಮುಟ್ಟಿದ ಪ್ರತಿ ಪುಟವೂ ಇಡಿಯಾಗಿ ವಾಲ್‌ಗೆ ಹೋಗುತ್ತದೆ.

ಈಗ ಸ್ಲಾಟ್. ಕೊಪ್ಪಳ ಎಲ್ಲಿಯವರೆಗೆ ಓದಿದೆ ಎಂಬ ಗುರುತೇ ಸ್ಲಾಟ್. ಅಲ್ಲಿಂದ ಮುಂದಿನ ವಾಲ್ ಫೈಲನ್ನು ಗಂಗಾವತಿ ಅಳಿಸುವುದಿಲ್ಲ. ಲೈನ್ ಹರಿದು ಮತ್ತೆ ಬಂದರೆ ಬಿಟ್ಟ ಸಾಲಿನಿಂದ ಮುಂದುವರಿಯಬಹುದು. ಆದರೆ ಡಿಫಾಲ್ಟ್‌ನಲ್ಲಿ ಇದಕ್ಕೆ ಮಿತಿಯೇ ಇಲ್ಲ. ಕೊಪ್ಪಳದ ಸರ್ವರ್ ಸತ್ತು ಯಾರೂ ಗಮನಿಸದಿದ್ದರೆ ಪಿಜಿ_ವಾಲ್ ಡೈರೆಕ್ಟರಿ ಉಬ್ಬಿ ಉಬ್ಬಿ ಡಿಸ್ಕ್ ತುಂಬುತ್ತದೆ, ವಾಲ್ ಬರೆಯಲು ಜಾಗವಿಲ್ಲದೆ ಗಂಗಾವತಿಯ ಪೋಸ್ಟ್‌ಗ್ರೆಸ್ ನಿಂತುಬಿಡುತ್ತದೆ. ರಕ್ಷಣೆಗೆ ಇಟ್ಟದ್ದೇ ಕೊರಳಿಗೆ ಬರುವುದು ಹೀಗೆ. ಮಿತಿಯ ಲೆಕ್ಕ ಸರಳ: ಗಂಟೆಗೆ 400 ಎಂಬಿಯಂತೆ 48 ಗಂಟೆಗೆ ಸುಮಾರು 19 ಜಿಬಿ, ಹಾಗಾಗಿ 20 ಜಿಬಿ. ಡಿಸ್ಕಿನಲ್ಲಿ ಅದರ ಎರಡು ಪಟ್ಟಾದರೂ ಖಾಲಿ ಇರಲಿ. ಮಿತಿ ದಾಟಿದರೆ ಸ್ಲಾಟ್ ಕಳೆದುಹೋಗುತ್ತದೆ, ಕೊಪ್ಪಳವನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಆದರೂ ಕಾಟಾ ನಡೆಯುತ್ತಿರುತ್ತದೆ. ಎರಡರಲ್ಲಿ ಒಂದನ್ನು ಕಳೆದುಕೊಳ್ಳಲೇಬೇಕೆಂದರೆ ಕಳೆದುಕೊಳ್ಳಬೇಕಾದ್ದು ಸ್ಟ್ಯಾಂಡ್‌ಬೈಯನ್ನೇ.

ಕೊನೆಯ ಸಾಲನ್ನು ಖಾಲಿ ಬಿಟ್ಟಿರುವುದೂ ಅದೇ ಕಾರಣಕ್ಕೆ. ಅಲ್ಲಿ ಕೊಪ್ಪಳದ ಹೆಸರು ಬರೆದರೆ ರೆಪ್ಲಿಕೇಶನ್ ಸಿಂಕ್ರೋನಸ್ ಆಗುತ್ತದೆ: ಕೊಪ್ಪಳ "ಮುಟ್ಟಿತು" ಎನ್ನುವವರೆಗೆ ಗಂಗಾವತಿಯಲ್ಲಿ ಕಮಿಟ್ (ದಾಖಲೆ ಖಾಯಂ ಆಗುವುದು) ಮುಗಿಯದು. ಒಂದೇ ಸ್ಟ್ಯಾಂಡ್‌ಬೈ ಇದ್ದು ಲೈನ್ ಹೋದರೆ ಆ ಕಾಯುವಿಕೆಗೆ ಕೊನೆಯಿಲ್ಲ, ತಾನಾಗಿ ಬಿಟ್ಟುಕೊಡುವ ಟೈಮ್‌ಔಟ್ ಇಲ್ಲ. ಲಾರಿ ಕಾಟಾದ ಮೇಲೆ, ಕರ್ಸರ್ ತಿರುಗುತ್ತಾ. ಖಾಲಿ ಬಿಟ್ಟರೆ ಅದು ಅಸಿಂಕ್ರೋನಸ್, ಅಂದರೆ ಗಂಗಾವತಿ ಕೊಪ್ಪಳಕ್ಕಾಗಿ ಕಾಯುವುದಿಲ್ಲ. ಆಗ ಸರ್ವರ್ ಸತ್ತರೆ ಕೊನೆಯ ಕೆಲ ಸೆಕೆಂಡಿನ ದಾಖಲೆ ಹೋಗಬಹುದು. ಗಿರಣಿಯಲ್ಲಿ ಅದರ ಕಾಟಾ ಚೀಟಿ ಕಾಗದದಲ್ಲಿ ಇದ್ದೇ ಇರುತ್ತದೆ, ನೋಡಿ ಮತ್ತೆ ಏರಿಸಬಹುದು. ಎರಡು ಸ್ಟ್ಯಾಂಡ್‌ಬೈ ಇಡುವವರೆಗೆ ಸಿಂಕ್ರೋನಸ್ ಬೇಡ.

ರೆಪ್ಲಿಕೇಶನ್ ಬಳಕೆದಾರನನ್ನು ಸೃಷ್ಟಿಸಿ:

ಕ್ರಿಯೇಟ್ ರೋಲ್ ರೆಪ್ಲಿ ವಿತ್ ರೆಪ್ಲಿಕೇಶನ್ ಲಾಗಿನ್ ಪಾಸ್‌ವರ್ಡ್ 'ನಿಮ್ಮ ಪಾಸ್‌ವರ್ಡ್';

ಯಾರನ್ನು ಒಳಬಿಡಬೇಕೆಂದು ಹೇಳುವ ಪಿಜಿ_ಎಚ್‌ಬಿಎ.ಕಾನ್ಫ್ ಫೈಲಿನಲ್ಲಿ ಒಂದು ಸಾಲು:

ಹೋಸ್ಟ್ ರೆಪ್ಲಿಕೇಶನ್ ರೆಪ್ಲಿ 10.20.0.2/32 ಸ್ಕ್ರ್ಯಾಮ್-ಎಸ್‌ಎಚ್‌ಎ-256

ಎರಡನೆಯ ಪದ ಡೇಟಾಬೇಸಿನ ಹೆಸರಲ್ಲ, ಅದೊಂದು ವಿಶೇಷ ಪದ. ಅಲ್ಲಿ "ಆಲ್" ಎಂದಿದ್ದರೆ ರೆಪ್ಲಿಕೇಶನ್ ಅದರಲ್ಲಿ ಸೇರುವುದಿಲ್ಲ, "ನೋ ಪಿಜಿ_ಎಚ್‌ಬಿಎ.ಕಾನ್ಫ್ ಎಂಟ್ರಿ" ಎಂಬ ಎರರ್ ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ. ಈ ಫೈಲಿಗೆ ರೀಲೋಡ್ ಸಾಕು. ಮೇಲಿನ ಸೆಟ್ಟಿಂಗುಗಳಲ್ಲಿ ಕೆಲವಕ್ಕೆ ರೀಸ್ಟಾರ್ಟ್ ಬೇಕು, ಅದನ್ನು ಕಾಟಾ ಮುಚ್ಚಿದ ಮೇಲೆ ಮಾಡಿ.

ಕೊಪ್ಪಳದಲ್ಲಿ: ಸ್ಟ್ಯಾಂಡ್‌ಬೈ

ಪೋಸ್ಟ್‌ಗ್ರೆಸ್ ಹಾಕಿದ ಕೂಡಲೇ ಉಬುಂಟು ಒಂದು ಖಾಲಿ ಕ್ಲಸ್ಟರ್ (ಡೇಟಾಬೇಸುಗಳ ಸಮೂಹ) ಎಬ್ಬಿಸಿಬಿಡುತ್ತದೆ. ಅದನ್ನು ನಿಲ್ಲಿಸಿ, ಡೇಟಾ ಡೈರೆಕ್ಟರಿಯ ಹೆಸರು ಬದಲಿಸಿ ಪಕ್ಕಕ್ಕಿಡಿ. ಅಳಿಸುವ ಕಮಾಂಡ್ ಬೇಡ. ಪರದೆಯ ಮೇಲೆ ಎರಡು ಕಪ್ಪು ಕಿಟಕಿ ತೆರೆದಿರುವಾಗ ಗಂಗಾವತಿಯದರಲ್ಲಿ ಆ ಕಮಾಂಡ್ ಬಿದ್ದರೆ ಸುಗ್ಗಿಯ ಲೆಕ್ಕವೆಲ್ಲ ಹೋಯಿತು. ಪ್ರತಿ ಸಲ ಹೋಸ್ಟ್‌ನೇಮ್ ಎಂದು ಟೈಪ್ ಮಾಡಿ, ಓದಿ, ಆಮೇಲೆ ಮುಂದುವರಿಯಿರಿ.

ಪೋಸ್ಟ್‌ಗ್ರೆಸ್ ಬಳಕೆದಾರನ ಹೋಮಿನಲ್ಲಿ ಪಾಸ್‌ವರ್ಡ್ ಇಡುವ .ಪಿಜಿಪಾಸ್ ಫೈಲು ಮಾಡಿ, ಅನುಮತಿ 0600 ಕೊಡಿ. ಅದಕ್ಕಿಂತ ಸಡಿಲವಾಗಿದ್ದರೆ ಪೋಸ್ಟ್‌ಗ್ರೆಸ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ನಂತರ ಅದೇ ಬಳಕೆದಾರನಾಗಿ, ಗಂಗಾವತಿಯ ಪೂರ್ತಿ ಪ್ರತಿ ತರುವ ಈ ಕಮಾಂಡ್ ಕೊಡಿ, ಎಲ್ಲವನ್ನೂ ಒಂದೇ ಸಾಲಿನಲ್ಲಿ:

ಪಿಜಿ_ಬೇಸ್‌ಬ್ಯಾಕಪ್ --ಹೋಸ್ಟ್=10.20.0.1 --ಯೂಸರ್‌ನೇಮ್=ರೆಪ್ಲಿ --ಪಿಜಿಡೇಟಾ=ಡೇಟಾ ಡೈರೆಕ್ಟರಿಯ ಪೂರ್ತಿ ದಾರಿ --ವಾಲ್-ಮೆಥಡ್=ಸ್ಟ್ರೀಮ್ --ಕ್ರಿಯೇಟ್-ಸ್ಲಾಟ್ --ಸ್ಲಾಟ್=ಕೊಪ್ಪಳ --ರೈಟ್-ರಿಕವರಿ-ಕಾನ್ಫ್ --ಚೆಕ್‌ಪಾಯಿಂಟ್=ಫಾಸ್ಟ್ --ಮ್ಯಾಕ್ಸ್-ರೇಟ್=1ಎಂ --ಪ್ರೋಗ್ರೆಸ್

ಚೆಕ್‌ಪಾಯಿಂಟ್ ಫಾಸ್ಟ್ ಎನ್ನದಿದ್ದರೆ ಗಂಗಾವತಿಯ ಚೆಕ್‌ಪಾಯಿಂಟ್ ನಿಧಾನವಾಗಿ ಮುಗಿಯುವವರೆಗೆ ಇದು ಸುಮ್ಮನೆ ಕೂರುತ್ತದೆ, ಕೆಟ್ಟಿತೆಂದು ಜನ ಕಂಟ್ರೋಲ್-ಸಿ ಒತ್ತುತ್ತಾರೆ. ಮ್ಯಾಕ್ಸ್-ರೇಟ್ 1ಎಂ ಎಂದರೆ ಸೆಕೆಂಡಿಗೆ 1 ಎಂಬಿ, ಅಂದರೆ 8 ಮೆಗಾಬಿಟ್. ಹಗಲಲ್ಲಿ ಉಳಿದ ಕೆಲಸಕ್ಕೂ ಲೈನ್ ಉಳಿಯಲೆಂದು ಈ ಕಡಿವಾಣ. ಇದರಲ್ಲಿ 60 ಜಿಬಿಗೆ 17 ಗಂಟೆ ಬೇಕು. ರಾತ್ರಿ ಓಡಿಸುವುದಾದರೆ ತೆಗೆದುಬಿಡಿ. ನಡುವೆ ಸಂಪರ್ಕ ಹರಿದರೆ ಬೇಸ್‌ಬ್ಯಾಕಪ್ ಬಿಟ್ಟಲ್ಲಿಂದ ಮುಂದುವರಿಯದು, ಮೊದಲಿನಿಂದಲೇ ಆಗಬೇಕು. ಆಗ ಸ್ಲಾಟ್ ಹಿಂದಿನ ಸಲದ್ದೇ ಉಳಿದಿರಬಹುದು, "ಆಲ್ರೆಡಿ ಎಗ್ಸಿಸ್ಟ್ಸ್" ಎಂದರೆ ಕ್ರಿಯೇಟ್-ಸ್ಲಾಟ್ ಬಿಟ್ಟು ಓಡಿಸಿ.

ಲೈನ್ ಅಷ್ಟು ನಂಬಿಕೆಯದಲ್ಲದಿದ್ದರೆ ಬಸ್ಸೇ ಮೇಲು. ಗಿರಣಿಯಲ್ಲೇ ಹೊರಗಿನ ಡಿಸ್ಕಿಗೆ ಟಾರ್ ರೂಪದಲ್ಲಿ ಬೇಸ್‌ಬ್ಯಾಕಪ್ ತೆಗೆದು, ಡಿಸ್ಕನ್ನು ಚೀಲದಲ್ಲಿಟ್ಟು ಕೊಪ್ಪಳಕ್ಕೆ ಒಯ್ದು ಬಿಚ್ಚಿ. ಸ್ಲಾಟ್ ಆಗಲೇ ಇರುವುದರಿಂದ ಪ್ರಯಾಣದ ಹೊತ್ತಿನ ವಾಲ್ ಗಂಗಾವತಿಯಲ್ಲಿ ಕಾದಿರುತ್ತದೆ. ಬೇಸ್.ಟಾರ್ ಅನ್ನು ಡೇಟಾ ಡೈರೆಕ್ಟರಿಗೆ, ಪಿಜಿ_ವಾಲ್.ಟಾರ್ ಅನ್ನು ಅದರೊಳಗಿನ ಪಿಜಿ_ವಾಲ್‌ಗೆ ಬಿಚ್ಚಬೇಕು. ಮಾಲೀಕ ಪೋಸ್ಟ್‌ಗ್ರೆಸ್, ಅನುಮತಿ 0700. ಪಿಜಿಪಾಸ್ ಕೊಪ್ಪಳದ ಸರ್ವರಿನಲ್ಲೇ ಇರಬೇಕು. ಹೀಗೆ ಮಾಡಿದಾಗ ಒಂದು ತಪ್ಪು ಖಂಡಿತ ಕಾದಿರುತ್ತದೆ: ಪೋಸ್ಟ್‌ಗ್ರೆಸ್ಕ್ಯೂಎಲ್.ಆಟೋ.ಕಾನ್ಫ್ ಫೈಲಿನ ಪ್ರೈಮರಿ_ಕಾನ್‌ಇನ್ಫೋ ಸಾಲಿನಲ್ಲಿ ಬ್ಯಾಕಪ್ ತೆಗೆದಾಗಿನ ಲೋಕಲ್ ವಿಳಾಸವೇ ಕೂತಿರುತ್ತದೆ. ಅದನ್ನು 10.20.0.1 ಎಂದು ತಿದ್ದಿ.

ಉಬುಂಟುವಿನಲ್ಲಿ ಕಾನ್ಫ್ ಫೈಲುಗಳು ಡೇಟಾ ಡೈರೆಕ್ಟರಿಯ ಹೊರಗಿರುವುದರಿಂದ ಬೇಸ್‌ಬ್ಯಾಕಪ್‌ನಲ್ಲಿ ಅವು ಬರುವುದಿಲ್ಲ. ಗಂಗಾವತಿಯಲ್ಲಿ ಮಾಡಿದ್ದನ್ನೆಲ್ಲ ಕೊಪ್ಪಳದಲ್ಲೂ ಕೈಯಾರೆ ಮಾಡಬೇಕು. ಪಿಜಿ_ಎಚ್‌ಬಿಎದಲ್ಲಿ ಮಾತ್ರ ವಿಳಾಸ 10.20.0.1/32, ನಾಳೆ ಪಾತ್ರ ಅದಲುಬದಲಾದಾಗ ಬೇಕಾಗುತ್ತದೆ. ಮ್ಯಾಕ್ಸ್_ಕನೆಕ್ಷನ್ಸ್ ಗಂಗಾವತಿಯಲ್ಲಿ 200 ಇದ್ದು ಕೊಪ್ಪಳದಲ್ಲಿ ಡಿಫಾಲ್ಟ್ 100 ಉಳಿದಿದ್ದರೆ ಸ್ಟ್ಯಾಂಡ್‌ಬೈ ಏಳುವುದಿಲ್ಲ. ಇಂಥ ಮಿತಿಗಳು ಸ್ಟ್ಯಾಂಡ್‌ಬೈಯಲ್ಲಿ ಸಮ ಇರಬೇಕು, ಇಲ್ಲವೇ ಹೆಚ್ಚಿರಬೇಕು. ಏರಿಸುವಾಗ ಮೊದಲು ಕೊಪ್ಪಳ, ಆಮೇಲೆ ಗಂಗಾವತಿ.

ಡೇಟಾ ಡೈರೆಕ್ಟರಿಯಲ್ಲಿ ಸ್ಟ್ಯಾಂಡ್‌ಬೈ.ಸಿಗ್ನಲ್ ಎಂಬ ಖಾಲಿ ಫೈಲು ಇದೆಯೇ ನೋಡಿ. ಅದಿಲ್ಲದೆ ಎಬ್ಬಿಸಿದರೆ ಕೊಪ್ಪಳ ತಾನೇ ಸ್ವತಂತ್ರ ಸರ್ವರ್ ಆಗಿಬಿಡುತ್ತದೆ. ಇದ್ದರೆ ಎಬ್ಬಿಸಿ. ಸೆಲೆಕ್ಟ್ ಪಿಜಿ_ಇಸ್_ಇನ್_ರಿಕವರಿ() ಎಂದಾಗ ಟಿ ಬರಬೇಕು.

ಹಿಂದುಳಿಕೆ ಅಳೆಯುವುದು

ಗಂಗಾವತಿಯಲ್ಲಿ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್ ನೋಡಿದರೆ ಒಂದು ಸಾಲು ಇರಬೇಕು, ಸ್ಟೇಟ್ "ಸ್ಟ್ರೀಮಿಂಗ್" ಎಂದಿರಬೇಕು. ಈಗಿನ ವಾಲ್ ಸ್ಥಾನಕ್ಕೂ ಆ ಸಾಲಿನ ರಿಪ್ಲೇ_ಎಲ್‌ಎಸ್‌ಎನ್‌ಗೂ ಇರುವ ಬೈಟ್ ವ್ಯತ್ಯಾಸವೇ ನಿಜವಾದ ಹಿಂದುಳಿಕೆ. ಬಹಳ ಕಡೆ ಹೇಳಿಕೊಡುವುದು ಬೇರೆ: ಸ್ಟ್ಯಾಂಡ್‌ಬೈಯಲ್ಲಿ ಈಗಿನ ಸಮಯದಿಂದ ಕೊನೆಯ ವ್ಯವಹಾರದ ಸಮಯ ಕಳೆಯುವುದು. ಗಿರಣಿ ರಾತ್ರಿ 9ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೆ ಅದು "9 ಗಂಟೆ ಹಿಂದಿದೆ" ಎನ್ನುತ್ತದೆ, ಆದರೆ ಬಿಟ್ಟುಹೋದದ್ದು ಏನೂ ಇಲ್ಲ. ನಾಲ್ಕು ದಿನ ಸುಳ್ಳು ಅಲಾರಂ ಹೊಡೆದ ಮೇಲೆ ಐದನೆಯ ದಿನ ನಿಜವಾದದ್ದನ್ನೂ ಯಾರೂ ನೋಡುವುದಿಲ್ಲ.

ಇನ್ನೊಂದು ಮೋಸವಿದೆ. ಲೈನ್ ಹರಿದಾಗ ಆ ಸಾಲೇ ಮಾಯವಾಗುತ್ತದೆ. "ಹಿಂದುಳಿಕೆ 50 ಎಂಬಿಗಿಂತ ಹೆಚ್ಚಿದ್ದರೆ ಎಸ್‌ಎಂಎಸ್" ಎಂದಷ್ಟೇ ಬರೆದ ಸ್ಕ್ರಿಪ್ಟ್‌ಗೆ ಹೋಲಿಸಲು ಸಂಖ್ಯೆಯೇ ಸಿಗದು, ಅದು ಬಾಯಿ ಮುಚ್ಚಿ ಕೂರುತ್ತದೆ. ಆದ್ದರಿಂದ 5 ನಿಮಿಷಕ್ಕೊಮ್ಮೆ ಕ್ರಾನ್‌ನಲ್ಲಿ ಓಡುವ ಸ್ಕ್ರಿಪ್ಟ್ ಮೊದಲು ಸಾಲುಗಳನ್ನು ಎಣಿಸಲಿ, ಆಮೇಲೆ ಬೈಟ್ ನೋಡಲಿ, ಕೊನೆಗೆ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ನ ವಾಲ್_ಸ್ಟೇಟಸ್ ನೋಡಲಿ. ಅಲ್ಲಿ "ರಿಸರ್ವ್ಡ್" ಅಥವಾ "ಎಕ್ಸ್‌ಟೆಂಡೆಡ್" ಇದ್ದರೆ ಚಿಂತೆಯಿಲ್ಲ. "ಅನ್‌ರಿಸರ್ವ್ಡ್" ಎಂದರೆ ಮಿತಿ ಮುಟ್ಟಿದೆ, "ಲಾಸ್ಟ್" ಎಂದರೆ ಮತ್ತೆ ಬೇಸ್‌ಬ್ಯಾಕಪ್.

ಕಚೇರಿಯವರು ಸ್ಟ್ಯಾಂಡ್‌ಬೈ ಮೇಲೆಯೇ ರಿಪೋರ್ಟ್ ತೆಗೆಯಬಹುದು, ಓದಲು ಮಾತ್ರ. ಟೆಂಪ್ ಟೇಬಲ್ ಮಾಡುವ ಸಾಫ್ಟ್‌ವೇರ್ ಅಲ್ಲಿ ನಡೆಯದು. ದೊಡ್ಡ ರಿಪೋರ್ಟ್ "ಕಾನ್‌ಫ್ಲಿಕ್ಟ್ ವಿತ್ ರಿಕವರಿ" ಎಂದು ನಡುವೆ ಕಡಿದುಹೋಗಬಹುದು. ಬರುವ ವಾಲ್‌ಗೂ ರಿಪೋರ್ಟಿಗೂ ಡಿಕ್ಕಿಯಾದಾಗ ಪೋಸ್ಟ್‌ಗ್ರೆಸ್ ಡಿಫಾಲ್ಟ್‌ನಲ್ಲಿ 30 ಸೆಕೆಂಡ್ ಮಾತ್ರ ತಾಳುತ್ತದೆ. ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ 10 ನಿಮಿಷಕ್ಕೆ ಏರಿಸಿ. ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್ ಆನ್ ಮಾಡಿದರೂ ಇದು ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಅದರ ಹೊರೆ ಗಂಗಾವತಿಯ ಟೇಬಲ್ಲುಗಳ ಮೇಲೆ ಬೀಳುತ್ತದೆ. ನಮ್ಮ ಅಳತೆಗೋಲಿನಲ್ಲಿ ಅದು ತಪ್ಪು.

ರೆಪ್ಲಿಕೇಶನ್ ಇದೆ ಎಂದು ರಾತ್ರಿಯ ಪಿಜಿ_ಡಂಪ್ ಬ್ಯಾಕಪ್ ನಿಲ್ಲಿಸಬೇಡಿ. ಯಾವ ಸಾಲು ಎಂದು ಹೇಳುವ ವೇರ್ ಬರೆಯದೆ ಕೊಟ್ಟ ಡಿಲೀಟ್ ಕೂಡ ಅಷ್ಟೇ ನಿಷ್ಠೆಯಿಂದ ಕೊಪ್ಪಳಕ್ಕೆ ಮುಟ್ಟುತ್ತದೆ.

ಪಾತ್ರ ಬದಲಿಸುವುದು

ಗಂಗಾವತಿಯ ಸರ್ವರ್ ನಿಜಕ್ಕೂ ಹೋಗಿದೆಯೋ, ಲೈನ್ ಮಾತ್ರ ಹೋಗಿದೆಯೋ? ಕೊಪ್ಪಳದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕಾಟಾ ರೂಮಿಗೆ ಫೋನ್ ಮಾಡಿ. ಲೈನ್ ಮಾತ್ರ ಹೋಗಿದ್ದರೆ ಏನೂ ಮಾಡಬೇಡಿ, ಕಾಯಿರಿ. ಎರಡು ನೋಡ್ ಮಾತ್ರ ಇರುವಲ್ಲಿ ಈ ತೀರ್ಮಾನವನ್ನು ಸಾಫ್ಟ್‌ವೇರಿಗೆ ಬಿಡುವುದು ನಮಗೆ ಒಪ್ಪಿಗೆಯಿಲ್ಲ.

ಸರ್ವರೇ ಹೋಗಿದ್ದರೆ ಮೊದಲ ಕೆಲಸ ಅದು ತಾನಾಗಿ ಏಳದಂತೆ ಮಾಡುವುದು. ಕರೆಂಟ್ ಬಂತು, ಮಷಿನ್ ಎದ್ದಿತು, ಪೋಸ್ಟ್‌ಗ್ರೆಸ್ ಹಿಂದಿನಂತೆ ಮುಖ್ಯನಾಗಿಯೇ ಎದ್ದಿತು, ಕಾಟಾದ ಹುಡುಗ ಅದರಲ್ಲೇ ಬರೆಯತೊಡಗಿದ. ಅತ್ತ ಕೊಪ್ಪಳವೂ ಮುಖ್ಯನಾಗಿ ಬರೆಯುತ್ತಿದೆ. ಒಂದು ಅಂಗಡಿಗೆ ಎರಡು ಕಿರ್ದಿ. ಅವನ್ನು ಒಂದುಗೂಡಿಸುವ ಕಮಾಂಡ್ ಇಲ್ಲ. ಇದನ್ನು ತಪ್ಪಿಸಲು ಮೊದಲ ದಿನವೇ ಎರಡೂ ಕಡೆ, ಕಾನ್ಫ್ ಫೈಲುಗಳ ಪಕ್ಕದಲ್ಲಿರುವ ಸ್ಟಾರ್ಟ್.ಕಾನ್ಫ್‌ನಲ್ಲಿ "ಆಟೋ" ತೆಗೆದು "ಮ್ಯಾನುಯಲ್" ಹಾಕಿ. ಪ್ರತಿ ಸಲ ಕೈಯಿಂದ ಎಬ್ಬಿಸಬೇಕಾಗುತ್ತದೆ ನಿಜ. ಅದಕ್ಕೇ ಕಾಟಾ ರೂಮಿನಲ್ಲಿ ಅರ್ಧ ಗಂಟೆ ತಡೆಯುವ ಯುಪಿಎಸ್ ಇರಲಿ.

ಆಮೇಲೆ ಕೊಪ್ಪಳದಲ್ಲಿ ಸೆಲೆಕ್ಟ್ ಪಿಜಿ_ಪ್ರಮೋಟ್(). ಬಂದು ಬಿದ್ದಿರುವ ವಾಲ್ ಮುಗಿಸಿ ಸರ್ವರ್ ಬರೆಯಲು ತೆರೆದುಕೊಳ್ಳುತ್ತದೆ. ಪಿಜಿ_ಇಸ್_ಇನ್_ರಿಕವರಿ ಈಗ ಎಫ್ ಎನ್ನಬೇಕು. ಕಾಟಾ ಸಾಫ್ಟ್‌ವೇರಿನ ಕನೆಕ್ಷನ್ ಸಾಲಿನಲ್ಲಿ ಎರಡೂ ವಿಳಾಸ ಬರೆದು ಟಾರ್ಗೆಟ್_ಸೆಷನ್_ಆಟ್ರ್ಸ್=ರೀಡ್-ರೈಟ್ ಎಂದು ಮೊದಲೇ ಹಾಕಿದ್ದರೆ ಅದು ತಾನೇ ಹೊಸ ಮುಖ್ಯನನ್ನು ಹುಡುಕಿಕೊಳ್ಳುತ್ತದೆ. ಆ ಕಂಪ್ಯೂಟರಿನಿಂದ ಕೊಪ್ಪಳಕ್ಕೆ ದಾರಿಯಿದೆಯೇ, ಕೊಪ್ಪಳದ ಎಚ್‌ಬಿಎ ಅದನ್ನು ಬಿಡುತ್ತದೆಯೇ ಎಂದೂ ಮೊದಲೇ ನೋಡಿಟ್ಟಿರಿ.

ಬರೆಯಲು ಬಿಡುವ ಮುನ್ನ ಚೀಟಿ ಸಂಖ್ಯೆ ನೋಡಿ. ಪೋಸ್ಟ್‌ಗ್ರೆಸ್ ಸೀಕ್ವೆನ್ಸಿನ (ತಾನಾಗಿ ಏರುವ ಎಣಿಕೆ) ಸಂಖ್ಯೆಗಳನ್ನು 32ರ ಗುಂಪಿನಲ್ಲಿ ಮುಂಗಡವಾಗಿ ವಾಲ್‌ಗೆ ಬರೆಯುತ್ತದೆ. ಪ್ರಮೋಟ್ ಆದಮೇಲೆ 4510ರ ನಂತರ 4538 ಬಂದರೆ ಅದು ತಪ್ಪಲ್ಲ. ಕೊನೆಯ ವಾಲ್ ಬಂದಿರದಿದ್ದರೆ ಕೊಟ್ಟ ಸಂಖ್ಯೆಯೇ ಮತ್ತೆ ಬರಲೂಬಹುದು. ಕಾಟಾದ ಕೊನೆಯ ಕಾಗದದ ಚೀಟಿ ನೋಡಿ, ಸೀಕ್ವೆನ್ಸನ್ನು 100 ಮುಂದಕ್ಕೆ ತಳ್ಳಿ. ಜಿಎಸ್‌ಟಿ ಬಿಲ್ಲಿನ ಸಂಖ್ಯೆ ಸತತವಾಗಿರಬೇಕಾದ್ದರಿಂದ ಅದಕ್ಕೆ ಸೀಕ್ವೆನ್ಸ್ ಬಳಸಲೇಬೇಡಿ, ಪ್ರತ್ಯೇಕ ಟೇಬಲ್ಲಿನಲ್ಲಿ ಎಣಿಸಿ.

ಹಳೆಯ ಸರ್ವರ್ ರಿಪೇರಿಯಾಗಿ ಬಂದಾಗ ಮೊದಲು ಅದರ ಡೇಟಾ ಡೈರೆಕ್ಟರಿಯ ಪ್ರತಿ ತೆಗೆದಿಡಿ. ಕೊಪ್ಪಳಕ್ಕೆ ಮುಟ್ಟದ ಕೊನೆಯ ಸೆಕೆಂಡುಗಳ ದಾಖಲೆ ಅದರಲ್ಲಿ ಮಾತ್ರ ಇದೆ, ರಿವೈಂಡ್ ಅದನ್ನು ಒರೆಸಿಹಾಕುತ್ತದೆ. ಕೊಪ್ಪಳದಲ್ಲಿ ಪಿಜಿ_ಕ್ರಿಯೇಟ್_ಫಿಸಿಕಲ್_ರೆಪ್ಲಿಕೇಶನ್_ಸ್ಲಾಟ್ ಕರೆದು "ಗಂಗಾವತಿ" ಹೆಸರಿನ ಸ್ಲಾಟ್ ಮಾಡಿ. ಸ್ಲಾಟುಗಳು ರೆಪ್ಲಿಕೇಶನ್‌ನಲ್ಲಿ ಬರುವುದಿಲ್ಲ. ನಂತರ ಗಂಗಾವತಿಯಲ್ಲಿ ಪಿಜಿ_ರಿವೈಂಡ್‌ಗೆ ಟಾರ್ಗೆಟ್-ಪಿಜಿಡೇಟಾ, ಕೊಪ್ಪಳದ ವಿಳಾಸವಿರುವ ಸೋರ್ಸ್-ಸರ್ವರ್, ರೈಟ್-ರಿಕವರಿ-ಕಾನ್ಫ್ ಆಯ್ಕೆಗಳನ್ನು ಕೊಡಿ. ಉಬುಂಟುವಿನಲ್ಲಿ ಕಾನ್ಫಿಗ್-ಫೈಲ್ ದಾರಿಯನ್ನೂ ಕೊಡಬೇಕು. ಸೋರ್ಸ್ ಕಡೆಯ ಬಳಕೆದಾರ ಸೂಪರ್‌ಯೂಸರ್ ಆಗಿದ್ದರೆ ತೊಡಕಿಲ್ಲ. ಅದಕ್ಕೆ ಎಚ್‌ಬಿಎದಲ್ಲಿ ಬೇರೆ ಸಾಲು ಬೇಕು. ಪ್ರೈಮರಿ_ಸ್ಲಾಟ್_ನೇಮ್ ಸಾಲನ್ನು "ಗಂಗಾವತಿ" ಎಂದು ತಿದ್ದಿ, ಎಬ್ಬಿಸಿ, ಕೊಪ್ಪಳದ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್‌ನಲ್ಲಿ ಸಾಲು ಬಂತೇ ನೋಡಿ.

ಇದನ್ನೆಲ್ಲ ಎರಡು ಸುಗ್ಗಿಗಳ ನಡುವಿನ ಬಿಡುವಿನಲ್ಲಿ ಒಂದು ಭಾನುವಾರ ನಿಜವಾಗಿ ಮಾಡಿ ನೋಡಿ: ಗಂಗಾವತಿಯನ್ನು ನಿಲ್ಲಿಸಿ, ಕೊಪ್ಪಳವನ್ನು ಏರಿಸಿ, ಹತ್ತು ಚೀಟಿ ಹೊಡೆದು, ಮತ್ತೆ ಹಿಂದಿನಂತೆ ಮಾಡಿ. ಎಷ್ಟು ನಿಮಿಷ ಹಿಡಿಯಿತೆಂದು ಬರೆದು ಕಾಟಾ ರೂಮಿನ ಗೋಡೆಗೆ ಕಮಾಂಡುಗಳ ಜೊತೆ ಅಂಟಿಸಿ. ಮುಗಿಸುವ ಮುನ್ನ ಎರಡೂ ಸರ್ವರಿನಲ್ಲಿ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್ ತೆರೆದು, ಯಾರೂ ಓದದ ಸ್ಲಾಟ್ ಉಳಿದಿದ್ದರೆ ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್‌ನಿಂದ ತೆಗೆದುಹಾಕಿ. ಬಿಟ್ಟರೆ ಅಂದಿನಿಂದಲೇ ಅದು ವಾಲ್ ಕೂಡಿಡತೊಡಗುತ್ತದೆ.